ಮೂವತ್ತೊಂಬತ್ತು ಅಂಕೆಗಳ ಒಂದು ಅವಿಭಾಜ್ಯ ಸಂಖ್ಯೆ

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಂದೆತಾಯಂದಿರಿಗೂ ಈ ಸಂಚಿಕೆಯ ಮೂಲಕ ಒಂದು ಗಣಿತಪಾಠವನ್ನು ಒಪ್ಪಿಸಬೇಕೆಂದು ನಾವು ಎಣಿಸಿದ್ದೇವೆ. ಸ್ಮರಣಸಂಚಿಕೆಯಲ್ಲಿಯೂ ಗಣಿತವೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಅದಕ್ಕೊಂದು ಕಾರಣವುಂಟು. “ಹೆಣ್ಣುಮಕ್ಕಳಿಗೆ ಮನೆಯ ಜಮಾಖರ್ಚಿಗೆ ಬೇಕಾದಷ್ಟು ಲೆಕ್ಕ ಬಂದರೆ ಸಾಲದೇ? ಅದಕ್ಕೆ ಮೀರಿದ ಗಣಿತದಿಂದ ಪ್ರಯೋಜನವೇನು?” ಎಂಬ ಪ್ರಶ್ನೆಯು ಇಂದಿಗೂ ನಮ್ಮ ಕಿವಿಗೆ ಬೀಳುವುದುಂಟು. ಇದಕ್ಕೆ ಉಪದೇಶದಿಂದ ಉತ್ತರ ಕೊಡುವುದಕ್ಕಿಂತಲೂ ಒಂದು ಸಂಖ್ಯೆಯ ಚರಿತ್ರೆಯನ್ನು ಮುಂದಿಟ್ಟು ಉತ್ತರ ಕೊಡುವುದು ಮೇಲೆಂದು ನಮ್ಮ ಅಭಿಪ್ರಾಯ. ಆ ಸಂಖ್ಯೆಯು ಇದು:

170 141 183 460 469 231 731 687 303 715 884 105 727

ಓದುವುದಕ್ಕೆ ಸುಲಭವಾಗಲೆಂದು ಮೂರು ಮೂರು ಅಂಕೆಗಳಾಗಿ ಬಿಡಿಸಿದ್ದೇವೆ. ಒಟ್ಟು ಮೂವತ್ತೊಂಬತ್ತು ಅಂಕೆಗಳು. 1ನ್ನೂ ಈ ಸಂಖ್ಯೆಯನ್ನೂ ಬಿಟ್ಟು ಬೇರೆ ಯಾವ ಪೂರ್ಣಸಂಖ್ಯೆಯೂ ಇದನ್ನು ನಿಶ್ಶೇಷವಾಗಿ ಭಾಗಿಸಲಾರದು. ಈ ಮಾತು ಊಹೆಯಲ್ಲ. 1876ರಲ್ಲಿ, ಎಣಿಸುವ ಯಂತ್ರದ ಸಹಾಯವಿಲ್ಲದೆ, ಒಬ್ಬ ಮನುಷ್ಯನು ಕೈಲೆಕ್ಕದಿಂದ ಸಾಧಿಸಿದ ಸಂಗತಿ. ಇಷ್ಟು ದೊಡ್ಡ ಸಂಖ್ಯೆಯ ವಿಷಯದಲ್ಲಿ ಇಂತಹ ಮಾತನ್ನು ಅಷ್ಟು ನಿಶ್ಚಯವಾಗಿ ಹೇಳುವುದು ಹೇಗೆ ಸಾಧ್ಯವಾಯಿತು? ಅದನ್ನು ನಾವು ಯಾರ ಮಾತಿನ ಮೇಲೆ ನಂಬಬೇಕು? ಇದೇ ನಮ್ಮ ಪಾಠದ ವಿಷಯ.

1. ಅವಿಭಾಜ್ಯವೆಂದರೇನು

ಕೆಳಗಿನ ತರಗತಿಯ ಪಾಠವನ್ನು ಒಮ್ಮೆ ನೆನಪಿಗೆ ತಂದುಕೊಳ್ಳೋಣ. 12ನ್ನು 3 × 4 ಎಂದೂ 35ನ್ನು 5 × 7 ಎಂದೂ ಒಡೆಯಬಹುದು. ಹೀಗೆ ಒಡೆಯಬಲ್ಲ ಸಂಖ್ಯೆಗಳಿಗೆ ಭಾಜ್ಯಸಂಖ್ಯೆಗಳೆಂದು ಹೆಸರು. 2, 3, 5, 7, 11, 13 ಮೊದಲಾದವುಗಳನ್ನು ಹೀಗೆ ಒಡೆಯಲಾಗದು. 1ಕ್ಕಿಂತ ದೊಡ್ಡದಾಗಿದ್ದು ಒಡೆಯಲಾಗದಂತಹ ಸಂಖ್ಯೆಗಳೇ ಅವಿಭಾಜ್ಯಗಳು. ಪ್ರತಿಯೊಂದು ಭಾಜ್ಯಸಂಖ್ಯೆಯೂ ಅವಿಭಾಜ್ಯಗಳ ಗುಣಾಕಾರದಿಂದಲೇ ಆಗಿರುತ್ತದೆ, ಅದೂ ಒಂದೇ ರೀತಿಯಲ್ಲಿ. ಗೋಡೆಗೆ ಕಲ್ಲು ಹೇಗೋ ಸಂಖ್ಯೆಗಳಿಗೆ ಅವಿಭಾಜ್ಯಗಳು ಹಾಗೆ.

ಈ ಕಲ್ಲುಗಳಿಗೆ ಕೊನೆಯುಂಟೇ? ಇಲ್ಲವೆಂದು ಗ್ರೀಕರ ಯೂಕ್ಲಿಡನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ತೋರಿಸಿದನು. ಆತನ ವಾದವು ಬಹು ಸರಳವಾದುದು. ನಿಮಗೆ ತಿಳಿದ ಅವಿಭಾಜ್ಯಗಳನ್ನೆಲ್ಲ ಗುಣಿಸಿ ಒಂದನ್ನು ಕೂಡಿಸಿರಿ. ಉದಾಹರಣೆಗೆ 2 × 3 × 5 × 7 × 11 × 13 + 1 = 30031. ಈ ಆರರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 1 ಉಳಿಯುವುದು. ಆದುದರಿಂದ 30031 ತಾನೇ ಅವಿಭಾಜ್ಯವಾಗಿರಬೇಕು, ಇಲ್ಲವೆ ಈ ಆರರಲ್ಲಿ ಸೇರದ ಹೊಸ ಅವಿಭಾಜ್ಯದಿಂದ ಭಾಗವಾಗಬೇಕು. ವಾಸ್ತವವಾಗಿ 30031 = 59 × 509; ಎರಡೂ ಹೊಸಬರು. ಎಷ್ಟು ಅವಿಭಾಜ್ಯಗಳನ್ನು ಒಟ್ಟುಗೂಡಿಸಿದರೂ ಇನ್ನೊಂದು ಹೊರಗೆ ಉಳಿದೇ ಇರುವುದು.

ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂಬುದು ಇದರಿಂದ ಸಿದ್ಧವಾಯಿತು. ಆದರೆ ಅನಂತವಾಗಿವೆಯೆಂದು ತಿಳಿಯುವುದು ಬೇರೆ, ಒಂದು ದೊಡ್ಡ ಸಂಖ್ಯೆಯನ್ನು ಬೆರಳಿಟ್ಟು ತೋರಿಸಿ “ಇದು ಅವಿಭಾಜ್ಯ” ಎಂದು ಹೇಳುವುದು ಬೇರೆ. ಕಷ್ಟವಿರುವುದು ಎರಡನೆಯದರಲ್ಲಿ.

2. ಮಣೆಯ ಮೇಲಿನ ಕಾಳು

ನಮ್ಮ ಸಂಖ್ಯೆಯ ಹುಟ್ಟನ್ನು ತಿಳಿಯಬೇಕಾದರೆ ಚದುರಂಗದ ಮಣೆಯ ಹಳೆಯ ಕಥೆಯನ್ನು ನೆನೆಯಬೇಕು. ಮೊದಲನೆಯ ಮನೆಯಲ್ಲಿ ಒಂದು ರಾಗಿಯ ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು, ಹೀಗೆ ಪ್ರತಿ ಮನೆಗೂ ಇಮ್ಮಡಿಸುತ್ತ ಹೋಗಿರಿ. ಎರಡು ಮನೆಗಳ ಮೊತ್ತ 3, ಮೂರರ ಮೊತ್ತ 7, ನಾಲ್ಕರ ಮೊತ್ತ 15. ಪ್ರತಿ ಸಲವೂ ಮೊತ್ತವು ಮುಂದಿನ ಮನೆಗೆ ಇಡಬೇಕಾದ ಕಾಳಿಗಿಂತ ಒಂದು ಕಡಮೆ. ಏಳು ಎರಡುಗಳನ್ನು ಒಂದರೊಡನೊಂದು ಗುಣಿಸಿದರೆ 128 ಬರುವುದು. ಇದನ್ನು 2⁷ ಎಂದು ಬರೆಯುವ ಪದ್ಧತಿ. ಏಳು ಮನೆಗಳ ಮೊತ್ತವು 2⁷ − 1, ಅಂದರೆ 127. ಅರುವತ್ತನಾಲ್ಕು ಮನೆಗಳೂ ತುಂಬಿದಾಗ ಮೊತ್ತವು 18 446 744 073 709 551 615. ರಾಜನ ಉಗ್ರಾಣವು ಬರಿದಾದುದು ಇದರಿಂದಲೇ.

ಈಗ ಎರಡು ಮಣೆಗಳನ್ನು ಜೋಡಿಸಿ ನೂರಿಪ್ಪತ್ತೆಂಟು ಮನೆಗಳಲ್ಲಿ ಒಂದನ್ನು ಬಿಟ್ಟು ಮಿಕ್ಕ ನೂರಿಪ್ಪತ್ತೇಳನ್ನು ಇದೇ ಕ್ರಮದಲ್ಲಿ ತುಂಬಿದರೆ ಬರುವ ಮೊತ್ತವೇ 2¹²⁷ − 1. ನಾವು ಮೇಲೆ ಬರೆದ ಮೂವತ್ತೊಂಬತ್ತು ಅಂಕೆಗಳ ಸಂಖ್ಯೆಯು ಇದೇ.

ಈ ಮೊತ್ತಗಳಲ್ಲಿ ಕೆಲವು ಅವಿಭಾಜ್ಯಗಳು: 3, 7, 31, 127. ಇವು ಕ್ರಮವಾಗಿ 2, 3, 5, 7 ಮನೆಗಳ ಮೊತ್ತಗಳು. ಮನೆಗಳ ಎಣಿಕೆಯು ಭಾಜ್ಯವಾದರೆ ಮೊತ್ತವೂ ಭಾಜ್ಯವೇ ಎಂಬುದನ್ನು ಸುಲಭವಾಗಿ ತೋರಿಸಬಹುದು. ಹದಿನೈದು ಮನೆಗಳನ್ನು ಮೂರು ಮೂರಾಗಿ ಐದು ಗುಂಪು ಮಾಡಿರಿ. ಮೊದಲ ಗುಂಪಿನಲ್ಲಿ 7 ಕಾಳು, ಎರಡನೆಯದರಲ್ಲಿ ಅದರ ಎಂಟರಷ್ಟು, ಮೂರನೆಯದರಲ್ಲಿ ಅದರ ಎಂಟರಷ್ಟು. ಎಲ್ಲ ಗುಂಪುಗಳೂ 7ರಿಂದ ಭಾಗವಾಗುವುದರಿಂದ ಮೊತ್ತವೂ ಭಾಗವಾಗಲೇಬೇಕು. 2¹⁵ − 1 = 32767 = 7 × 31 × 151.

ಆದುದರಿಂದ ಮನೆಗಳ ಎಣಿಕೆಯು ಅವಿಭಾಜ್ಯವಾಗಿರುವುದು ಅವಶ್ಯ. ಅಷ್ಟೇ ಸಾಕೇ? ಸಾಲದು. ಹನ್ನೊಂದು ಅವಿಭಾಜ್ಯ; ಆದರೂ 2¹¹ − 1 = 2047 = 23 × 89. ಯಾವ ಅವಿಭಾಜ್ಯಕ್ಕೆ ಫಲ ಸಿಗುವುದು, ಯಾವುದಕ್ಕೆ ಸಿಗದು ಎಂಬುದನ್ನು ಒಂದೊಂದಾಗಿಯೇ ನೋಡತಕ್ಕದ್ದಾಗಿದೆ.

3. ಒಬ್ಬ ಸನ್ಯಾಸಿಯ ಪಟ್ಟಿ

ಪ್ಯಾರಿಸ್ ಪಟ್ಟಣದ ಒಂದು ಮಠದಲ್ಲಿ ಮಾರೆಂ ಮೆರ್ಸೆನ್ (1588–1648) ಎಂಬ ಕ್ರೈಸ್ತ ಸನ್ಯಾಸಿಯಿದ್ದನು. ಆ ಕಾಲದ ಯೂರೋಪಿನ ವಿದ್ವಾಂಸರೆಲ್ಲರೊಡನೆ ಪತ್ರವ್ಯವಹಾರ ನಡೆಸಿ, ಒಬ್ಬರ ಶೋಧನೆಯನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತಿದ್ದ ಪುಣ್ಯವಂತನೀತ. 1644ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆತನು ಒಂದು ಪಟ್ಟಿಯನ್ನು ಕೊಟ್ಟನು. ಮನೆಗಳ ಎಣಿಕೆಯು 257ರವರೆಗೆ ಇರುವಾಗ 2, 3, 5, 7, 13, 17, 19, 31, 67, 127, 257 ಎಂಬ ಹನ್ನೊಂದಕ್ಕೆ ಮಾತ್ರ ಮೊತ್ತವು ಅವಿಭಾಜ್ಯವೆಂದು ಆತನ ಮಾತು. ಇಂತಹ ಸಂಖ್ಯೆಗಳಿಗೆ ಇಂದಿಗೂ ಮೆರ್ಸೆನ್ನನ ಹೆಸರೇ ನಿಂತಿದೆ.

ಆದರೆ ಪಟ್ಟಿಯೊಡನೆ ಉಪಪತ್ತಿಯಿರಲಿಲ್ಲ. ಎಪ್ಪತ್ತೆಂಟು ಅಂಕೆಗಳುಳ್ಳ 2²⁵⁷ − 1ನ್ನು ಆ ಕಾಲದಲ್ಲಿ ಯಾರೂ ಪರೀಕ್ಷಿಸಲಾರರೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಸಜ್ಜನನೂ ವಿದ್ವಾಂಸನೂ ಆದವನು ಹೇಳಿದನೆಂದು ಪಟ್ಟಿಯು ಪುಸ್ತಕದಿಂದ ಪುಸ್ತಕಕ್ಕೆ ನಡೆದು ಬಂದಿತು. ಕೊನೆಗೆ ಪರೀಕ್ಷಿಸಿದಾಗ ಕಂಡುದೇನೆಂದರೆ, 67 ಮತ್ತು 257 ಸೇರಬಾರದಿತ್ತು. ಸೇರಬೇಕಾಗಿದ್ದ 61, 89, 107 ಬಿಟ್ಟುಹೋಗಿದ್ದವು. ಈ ತಿದ್ದುಪಡಿಯು ಸಂಪೂರ್ಣವಾದುದು 1947ರಲ್ಲಿ. ಮೂರು ಶತಮಾನಗಳ ಮೇಲೆ. 127ರ ವಿಷಯದಲ್ಲಿ ಮಾತ್ರ ಸನ್ಯಾಸಿಯ ಮಾತು ನಿಜವಾಯಿತು. ಆದರೆ ಉಪಪತ್ತಿಯಿಲ್ಲದೆ ನಿಜವಾದ ಮಾತನ್ನೂ ಉಪಪತ್ತಿಯಿಲ್ಲದೆ ಸುಳ್ಳಾದ ಮಾತನ್ನೂ ಓದುವವನು ಬೇರ್ಪಡಿಸುವುದೆಂತು? ಎರಡೂ ಒಂದೇ ಪಂಕ್ತಿಯಲ್ಲಿ, ಒಂದೇ ಅಕ್ಷರದಲ್ಲಿ ಅಚ್ಚಾಗಿದ್ದವು.

4. ಭಾಗಿಸಿ ನೋಡುವ ದಾರಿ

ಶಾಲೆಯಲ್ಲಿ ನಾವು ಕಲಿಸುವ ಕ್ರಮವು, ಸಂಖ್ಯೆಯ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡುವುದು. ಒಂದು ಸಂಖ್ಯೆಯು ಎರಡಾಗಿ ಒಡೆದರೆ ಅವುಗಳಲ್ಲಿ ಚಿಕ್ಕದು ವರ್ಗಮೂಲವನ್ನು ಮೀರಲಾರದಷ್ಟೆ. 127ನ್ನು 2, 3, 5, 7, 11 ಇವುಗಳಿಂದ ಭಾಗಿಸಿ ನೋಡಿದರೆ ಸಾಕು. ಇಟಲಿಯ ಕಟಾಲ್ಡಿಯು 1588ರಲ್ಲಿ ಇದೇ ಕ್ರಮದಿಂದ 131071 ಮತ್ತು 524287 ಎಂಬ ಎರಡು ಸಂಖ್ಯೆಗಳು, ಎಂದರೆ 17 ಮತ್ತು 19 ಮನೆಗಳ ಮೊತ್ತಗಳು, ಅವಿಭಾಜ್ಯವೆಂದು ತೋರಿಸಿದನು.

ಮುಂದಿನ ದೊಡ್ಡ ಹೆಜ್ಜೆಯನ್ನಿಟ್ಟವನು ಆಯ್ಲರನು. 1772ರಲ್ಲಿ, ಅರುವತ್ತೈದರ ವಯಸ್ಸಿನ ಸುಮಾರಿಗೆ, ಕಣ್ಣಿನ ದೃಷ್ಟಿಯು ಹೆಚ್ಚುಕಡಮೆ ಪೂರ್ತಿ ಹೋಗಿದ್ದ ಸಮಯದಲ್ಲಿ, 2³¹ − 1 ಅಂದರೆ 2147483647 ಅವಿಭಾಜ್ಯವೆಂದು ಆತನು ತಿಳಿಸಿದನು. ಇದರ ವರ್ಗಮೂಲವು ಸುಮಾರು 46341. ಅಲ್ಲಿಯವರೆಗೆ ನಾಲ್ಕು ಸಾವಿರದ ಏಳುನೂರಕ್ಕೂ ಮೇಲ್ಪಟ್ಟು ಅವಿಭಾಜ್ಯಗಳಿವೆ. ಆದರೆ ಎಲ್ಲದರಿಂದಲೂ ಭಾಗಿಸುವ ಅಗತ್ಯವಿಲ್ಲ. ಮನೆಗಳ ಎಣಿಕೆಯು 2ನ್ನು ಬಿಟ್ಟು ಬೇರೊಂದು ಅವಿಭಾಜ್ಯವಾಗಿದ್ದರೆ, ಮೊತ್ತವನ್ನು ಭಾಗಿಸುವ ಯಾವ ಸಂಖ್ಯೆಯೇ ಆಗಲಿ, ಆ ಎಣಿಕೆಯ ಇಮ್ಮಡಿಯಿಂದ ಭಾಗಿಸಿದಾಗ ಶೇಷ 1 ಉಳಿಯಬೇಕು. 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಉಳಿಯಬೇಕು. 2047ರಲ್ಲಿ ನೋಡಿರಿ: 23 = 22 + 1, 89 = 4 × 22 + 1. ಈ ಎರಡು ಜರಡಿಗಳಲ್ಲಿ ಹಿಡಿದ ಮೇಲೆ ಆಯ್ಲರನಿಗೆ ಉಳಿದ ಭಾಜಕಗಳು ನೂರಕ್ಕೂ ಕಡಮೆ. ಬುದ್ಧಿಯಿಂದ ಶ್ರಮವು ಎಷ್ಟು ಇಳಿಯುವುದೆಂಬುದಕ್ಕೆ ಇದೊಂದು ನಿದರ್ಶನ.

ಇಲ್ಲಿ ಒಬ್ಬ ಮಹಿಳೆಯ ಹೆಸರನ್ನು ಹೇಳದೆ ಮುಂದುವರಿಯಲಾರೆವು. ಪ್ಯಾರಿಸಿನ ಸೋಫಿ ಜರ್ಮೇನ್ (1776–1831) ಬಾಲ್ಯದಲ್ಲಿ ಗಣಿತವನ್ನು ಹಟಹಿಡಿದು ಓದತೊಡಗಿದಾಗ, ರಾತ್ರಿ ಓದಬಾರದೆಂದು ಮನೆಯವರು ಕೊಠಡಿಯ ಬೆಂಕಿಯನ್ನೂ ಮೇಣದ ಬತ್ತಿಯನ್ನೂ ತೆಗೆದುಬಿಡುತ್ತಿದ್ದರೆಂದು ಆಕೆಯ ಚರಿತ್ರೆಯನ್ನು ಬರೆದವರು ಹೇಳಿದ್ದಾರೆ. ಕೊನೆಗೆ ಸೋತವರು ತಂದೆತಾಯಂದಿರು. ಆ ತಂದೆಯೇ ಮುಂದೆ ಮಗಳ ವ್ಯಾಸಂಗಕ್ಕೆ ಆಧಾರವಾದನು. ಹೆಂಗಸರಿಗೆ ಪ್ರವೇಶವಿಲ್ಲದ ವಿದ್ಯಾಲಯದ ಪಾಠಗಳ ಟಿಪ್ಪಣಿಗಳನ್ನು ತರಿಸಿಕೊಂಡು ಓದಿ, ಲೆಬ್ಲಾಂ ಎಂಬ ಗಂಡಸಿನ ಹೆಸರಿನಲ್ಲಿ ಆಕೆಯು ಲಗ್ರಾಂಜನಿಗೆ ಲೇಖನವನ್ನೊಪ್ಪಿಸಿದಳು. 1804ರಿಂದ ಜರ್ಮನಿಯ ಗೌಸನಿಗೂ ಅದೇ ಹೆಸರಿನಲ್ಲಿ ಪತ್ರ ಬರೆದಳು. ಬರೆದವಳು ಹೆಣ್ಣೆಂಬುದು ಗೌಸನಿಗೆ ತಿಳಿದುದು 1807ರಲ್ಲಿ. ಆತನು ಆಕೆಯ ಧೈರ್ಯವನ್ನೂ ಬುದ್ಧಿಯನ್ನೂ ಮನಸಾರೆ ಹೊಗಳಿದನು. ಒಂದು ಅವಿಭಾಜ್ಯವನ್ನು ಇಮ್ಮಡಿಸಿ ಒಂದನ್ನು ಕೂಡಿಸಿದಾಗ ಮತ್ತೊಂದು ಅವಿಭಾಜ್ಯವೇ ಬಂದರೆ, ಮೊದಲನೆಯದಕ್ಕೆ ಇಂದು ಸೋಫಿ ಜರ್ಮೇನಳ ಅವಿಭಾಜ್ಯವೆಂದು ಹೆಸರು. 11 ಅಂತಹದು, 23 ಅಂತಹದು. ಇವುಗಳನ್ನು 4ರಿಂದ ಭಾಗಿಸಿದಾಗ ಶೇಷ 3 ಉಳಿಯುವುದು. 3ನ್ನು ಬಿಟ್ಟು ಇಂತಹ ಅವಿಭಾಜ್ಯಗಳೆಲ್ಲಕ್ಕೂ ಮೊತ್ತವು ಭಾಜ್ಯವೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ: 2¹¹ − 1ನ್ನು 23 ಭಾಗಿಸುವುದು; 2²³ − 1 ಅಂದರೆ 8388607ನ್ನು 47 ಭಾಗಿಸುವುದು.

ನಮ್ಮ 127ಕ್ಕೆ ಈ ಉಪಾಯವು ತಾಗದು; 255 ಅವಿಭಾಜ್ಯವಲ್ಲ. ಹಾಗಾದರೆ ಆಯ್ಲರನ ಜರಡಿಯನ್ನೇ ಹಿಡಿಯೋಣವೇ? 2¹²⁷ − 1ರ ವರ್ಗಮೂಲದಲ್ಲಿಯೇ ಇಪ್ಪತ್ತು ಅಂಕೆಗಳಿವೆ. ಎರಡು ಜರಡಿಗಳಿಂದ ಸೋಸಿದ ಮೇಲೂ ಪರೀಕ್ಷಿಸಬೇಕಾದ ಭಾಜಕಗಳು ಎಷ್ಟು ಉಳಿಯುವುವೆಂದರೆ, ಹಗಲು ರಾತ್ರಿ ಬಿಡುವಿಲ್ಲದೆ ಸೆಕೆಂಡಿಗೆ ಒಂದರಂತೆ ಭಾಗಿಸುತ್ತ ಕುಳಿತರೂ ಮುಗಿಸಲು ಸುಮಾರು ಎಂಬತ್ತು ಕೋಟಿ ವರ್ಷಗಳು ಬೇಕು. ಈ ದಾರಿಯು ಇಲ್ಲಿಗೆ ಮುಚ್ಚಿತು.

5. ಲೂಕಾನ ಪರೀಕ್ಷೆ

ಎದ್ವಾರ್ ಲೂಕಾ (1842–1891) ಫ್ರಾನ್ಸ್ ದೇಶದವನು. ನಮ್ಮಂತೆಯೇ ಶಾಲೆಯಲ್ಲಿ ಪಾಠ ಹೇಳಿದ ಉಪಾಧ್ಯಾಯನು. ಮೂರು ಕಂಬಗಳಲ್ಲಿ ಬಿಲ್ಲೆಗಳನ್ನು ಒಂದೊಂದಾಗಿ ಸಾಗಿಸುವ, ಚಿಕ್ಕದರ ಮೇಲೆ ದೊಡ್ಡದನ್ನಿಡಬಾರದೆಂಬ ಆಟಿಕೆಯನ್ನು ನಮ್ಮ ಮಕ್ಕಳೂ ಆಡುತ್ತಾರೆ. ಅದನ್ನು 1883ರಲ್ಲಿ ಹೊರತಂದವನು ಈತನೇ. ಕಾಶಿಯ ದೇವಾಲಯವೊಂದರಲ್ಲಿ ಅರುವತ್ತನಾಲ್ಕು ಚಿನ್ನದ ಬಿಲ್ಲೆಗಳಿವೆಯೆಂದು ಆ ಆಟದೊಡನೆ ಹಬ್ಬಿದ ಕಥೆಯು ಬರಿಯ ಕಟ್ಟುಕಥೆ. ಏಳು ಬಿಲ್ಲೆಗಳಿಗೆ 127 ನಡೆಗಳು ಬೇಕು. ನೂರಿಪ್ಪತ್ತೇಳು ಬಿಲ್ಲೆಗಳಿಗೆ ಬೇಕಾಗುವ ನಡೆಗಳು ಸರಿಯಾಗಿ ನಮ್ಮ ಸಂಖ್ಯೆಯಷ್ಟೇ.

ಲೂಕಾನು ಸಂಖ್ಯೆಯನ್ನು ಭಾಗಿಸಿ ನೋಡುವುದನ್ನೇ ಬಿಟ್ಟು, ಅದನ್ನು ಬೇರೊಂದು ಪ್ರಶ್ನೆಗೆ ಗುರಿಮಾಡಿದನು. ಆತನ ಕ್ರಮವನ್ನು ಅಮೆರಿಕದ ಡಿ. ಎಚ್. ಲೇಮರನು 1930ರಲ್ಲಿ ಪರಿಷ್ಕರಿಸಿದನು. ಆ ಪರಿಷ್ಕೃತ ರೂಪವು ಹೀಗಿದೆ. 4ರಿಂದ ಆರಂಭಿಸಿರಿ. ಅದರ ವರ್ಗದಿಂದ 2ನ್ನು ಕಳೆಯಿರಿ: 14. ಅದರ ವರ್ಗದಿಂದ 2ನ್ನು ಕಳೆಯಿರಿ: 194. ಹೀಗೆ ಮುಂದುವರಿಸಿರಿ. ಸಂಖ್ಯೆಯು ಬೆಳೆದಂತೆಲ್ಲ ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿರಿ. ಮನೆಗಳ ಎಣಿಕೆಗಿಂತ ಎರಡು ಕಡಮೆ ಸಲ ಹೀಗೆ ಮಾಡಿದಾಗ ಶೇಷವು ಸೊನ್ನೆಯಾದರೆ ಸಂಖ್ಯೆಯು ಅವಿಭಾಜ್ಯ, ಆಗದಿದ್ದರೆ ಭಾಜ್ಯ. ಎಣಿಕೆಯು 2ನ್ನು ಬಿಟ್ಟು ಯಾವ ಅವಿಭಾಜ್ಯವಾದರೂ ಈ ನಿಯಮವು ತಪ್ಪದು.

31ನ್ನು ಪರೀಕ್ಷಿಸೋಣ. ಮನೆಗಳು ಐದು, ಆದುದರಿಂದ ಮೂರು ಸಲ. ಮೊದಲ ಸಲ 14. ಎರಡನೆಯ ಸಲ 194. 31ರಿಂದ ಭಾಗಿಸಲು ಶೇಷ 8. ಮೂರನೆಯ ಸಲ 8 × 8 − 2 = 62; ಶೇಷ ಸೊನ್ನೆ. 31 ಅವಿಭಾಜ್ಯ.

ಭಾಗಾಕಾರವನ್ನು ಕೂಡ ಇಲ್ಲಿ ಮಾಡಬೇಕಾಗಿಲ್ಲವೆಂಬುದು ಮತ್ತೊಂದು ಸೊಗಸು. 9ರ ಶೇಷವನ್ನು ಅಂಕೆಗಳ ಮೊತ್ತದಿಂದ ತಿಳಿಯುವ ತಾಳೆಯನ್ನು ನೀವೆಲ್ಲರೂ ಬಲ್ಲಿರಿ. 10ಕ್ಕಿಂತ 9 ಒಂದು ಕಡಮೆಯಾದುದರಿಂದ ಅದು ಸಾಧ್ಯವಾಗುತ್ತದೆ. 128ಕ್ಕಿಂತ 127 ಒಂದು ಕಡಮೆ. ಆದುದರಿಂದ ಸಂಖ್ಯೆಯಲ್ಲಿ 128 ಎಷ್ಟು ಸಲ ಇದೆಯೋ ಅದನ್ನು ಮಿಕ್ಕುದಕ್ಕೆ ಕೂಡಿಸಿದರೆ ಸಾಕು. 127ರ ಪರೀಕ್ಷೆಯನ್ನು ಈ ರೀತಿಯಲ್ಲಿ ಮಾಡಿ ತೋರಿಸುವೆವು. ಮನೆಗಳು ಏಳು, ಆದುದರಿಂದ ಐದು ಸಲ.

ಮೊದಲನೆಯದು: 14.
ಎರಡನೆಯದು: 194 = 1 × 128 + 66; 1 + 66 = 67.
ಮೂರನೆಯದು: 67 × 67 − 2 = 4487 = 35 × 128 + 7; 35 + 7 = 42.
ನಾಲ್ಕನೆಯದು: 42 × 42 − 2 = 1762 = 13 × 128 + 98; 13 + 98 = 111.
ಐದನೆಯದು: 111 × 111 − 2 = 12319 = 96 × 128 + 31; 96 + 31 = 127; ಶೇಷ ಸೊನ್ನೆ.

127 ಅವಿಭಾಜ್ಯವೆಂದು ಸಿದ್ಧವಾಯಿತು. 2ನ್ನು ಕಳೆಯುವುದೇಕೆ ಎಂದು ಕೇಳುವ ಹುಡುಗಿಗೆ ಇಷ್ಟು ಹೇಳಬಹುದು: ಮೊತ್ತ 4, ಗುಣಲಬ್ಧ 1 ಆಗುವ ಎರಡು ರಾಶಿಗಳುಂಟು, 2 + √3 ಮತ್ತು 2 − √3. ಅವುಗಳ ವರ್ಗಗಳ ಮೊತ್ತವು 4ರ ವರ್ಗದಲ್ಲಿ 2 ಕಳೆದಷ್ಟು, ಅಂದರೆ 14. ನಾಲ್ಕನೆಯ ಘಾತಗಳ ಮೊತ್ತವು 194. ನಮ್ಮ ಸಾಲಿನ ಸಂಖ್ಯೆಗಳೆಲ್ಲವೂ ಈ ಎರಡು ರಾಶಿಗಳ ಘಾತಗಳ ಮೊತ್ತಗಳೇ. ಉಪಪತ್ತಿಯ ಉಳಿದ ಭಾಗಕ್ಕೆ ಕಾಲೇಜಿನ ಬೀಜಗಣಿತವು ಬೇಕು. ಆದರೆ ಬಾಗಿಲು ಇರುವುದು ಇಲ್ಲಿಯೇ.

ಲೂಕಾನು 1876ರಲ್ಲಿ ಇದೇ ಬಗೆಯ ಸಾಲನ್ನು ಹಿಡಿದು 2¹²⁷ − 1 ಅವಿಭಾಜ್ಯವೆಂದು ಸಾರಿದನು. ಸಂಖ್ಯೆಗಳನ್ನು 0, 1 ಎಂಬ ಎರಡೇ ಅಂಕೆಗಳಿಂದ ಬರೆದು, 127 ಸಾಲುಗಳುಳ್ಳ ಚದುರಂಗದಂತಹ ಮಣೆಯ ಮೇಲೆ ಕಾಯಿಗಳನ್ನಿಟ್ಟು ಸರಿಸುತ್ತ ಈ ಗುಣಾಕಾರಗಳನ್ನು ಮಾಡುವ ಬಗೆಯನ್ನು ಆತನು ವಿವರಿಸಿದ್ದಾನೆ. ಲೇಮರನ ರೂಪದಲ್ಲಿ ಮಾಡಿದರೆ ಬೇಕಾದುವು ನೂರಿಪ್ಪತ್ತೈದು ವರ್ಗಗಳು ಮಾತ್ರ. ದಿನಕ್ಕೊಂದರಂತೆ ಮಾಡಿದರೂ ನಾಲ್ಕು ತಿಂಗಳಿನ ಮೇಲೆ ಕೆಲವು ದಿನಗಳಲ್ಲಿ ಕೆಲಸವು ಮುಗಿಯುವುದು. ಎಂಬತ್ತು ಕೋಟಿ ವರ್ಷಗಳೆಲ್ಲಿ, ನಾಲ್ಕು ತಿಂಗಳೆಲ್ಲಿ!

6. ಅಪವರ್ತನವನ್ನು ಕಾಣದೆ ಭಾಜ್ಯವೆಂದು ತಿಳಿಯುವುದು

ಇದೇ ಪರೀಕ್ಷೆಯನ್ನು 2047ಕ್ಕೆ ಒಡ್ಡಿದರೆ ಒಂಬತ್ತು ಸಲದ ಶೇಷಗಳು ಹೀಗೆ ಬರುವುವು: 14, 194, 788, 701, 119, 1877, 240, 282, 1736. ಕೊನೆಯದು ಸೊನ್ನೆಯಲ್ಲ, ಆದುದರಿಂದ 2047 ಭಾಜ್ಯ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಈ ಲೆಕ್ಕದಲ್ಲಿ 23 ಆಗಲಿ 89 ಆಗಲಿ ಎಲ್ಲಿಯೂ ಕಾಣಿಸಲಿಲ್ಲ. ಸಂಖ್ಯೆಯು ಒಡೆಯುವುದೆಂದು ನಿಶ್ಚಯವಾಯಿತು. ಎಲ್ಲಿ ಒಡೆಯುವುದೆಂದು ತಿಳಿಯಲಿಲ್ಲ.

ಮೆರ್ಸೆನ್ನನ ಪಟ್ಟಿಯ 67ಕ್ಕೆ ಹೀಗೆಯೇ ಆಯಿತು. 2⁶⁷ − 1 ಭಾಜ್ಯವೆಂದು ಲೂಕಾನು 1876ರಲ್ಲಿಯೇ ತೋರಿಸಿದನು. ಅಪವರ್ತನಗಳು ಮಾತ್ರ ಯಾರಿಗೂ ಸಿಗಲಿಲ್ಲ. 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತಸಂಘದ ಸಭೆ ಸೇರಿತ್ತು. ಫ್ರಾಂಕ್ ನೆಲ್ಸನ್ ಕೋಲ್ ಎಂಬ ಪ್ರಾಧ್ಯಾಪಕನು ಎದ್ದು ಬಂದು, ಒಂದು ಮಾತನ್ನೂ ಆಡದೆ, ಕಪ್ಪುಹಲಗೆಯ ಮೇಲೆ 2ನ್ನು ಇಮ್ಮಡಿಸುತ್ತ ಹೋಗಿ 147 573 952 589 676 412 927 ಎಂದು ಬರೆದನಂತೆ. ಬಳಿಕ ಇನ್ನೊಂದು ಕಡೆ 193 707 721ನ್ನೂ 761 838 257 287ನ್ನೂ ಬರೆದು ಕೈಗುಣಾಕಾರ ಮಾಡಿದನಂತೆ. ಎರಡು ಫಲಗಳೂ ಒಂದೇ ಆದುವು. ಸಭೆಯು ಕೈತಟ್ಟಿತು; ಕೋಲನು ಮಾತಿಲ್ಲದೆ ಹೋಗಿ ಕುಳಿತನು. ಈ ಅಪವರ್ತನಗಳನ್ನು ಹುಡುಕುವುದಕ್ಕೆ ಎಷ್ಟು ಕಾಲ ಹಿಡಿಯಿತೆಂದು ಕೇಳಿದಾಗ ಮೂರು ವರ್ಷದ ಭಾನುವಾರಗಳೆಂದು ಉತ್ತರ ಕೊಟ್ಟನೆಂದು ಪ್ರತೀತಿ. ಭಾನುವಾರಗಳನ್ನು ಹೀಗೆ ಕಳೆಯಬಹುದೇ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತುವುದಿಲ್ಲ!

ಆ ಸಭೆಯಲ್ಲಿ ಯಾರೂ ಕೋಲನ ಕೀರ್ತಿಯನ್ನಾಗಲಿ ಪದವಿಯನ್ನಾಗಲಿ ನಂಬಬೇಕಾಗಿರಲಿಲ್ಲ. ಗುಣಾಕಾರ ಬಲ್ಲ ಹುಡುಗಿಯೊಬ್ಬಳು ಅಲ್ಲಿದ್ದರೆ ಅವಳೂ ತಾಳೆ ನೋಡಿ ಸರಿಯೆನ್ನಬಹುದಾಗಿತ್ತು. ಎರಡೂವರೆ ಶತಮಾನಗಳಷ್ಟು ಹಳೆಯ ಸಂಶಯಗಳಲ್ಲಿ ಒಂದು, ಒಂದು ಹಲಗೆಯ ಮೇಲೆ ಎಲ್ಲರ ಕಣ್ಣೆದುರಿನಲ್ಲಿ ಕೊನೆಗಂಡಿತು.

7. ಇನ್ನು ಕೆಲವು ಗುಣಗಳು

ನಮ್ಮ ಸಂಖ್ಯೆಗೆ ಒಂದು ವಂಶಾವಳಿಯುಂಟು. 2² − 1 = 3; 2³ − 1 = 7; 2⁷ − 1 = 127; ಮುಂದಿನದು 2¹²⁷ − 1. ಪ್ರತಿಯೊಂದು ಅವಿಭಾಜ್ಯವೂ ಮುಂದಿನ ಅವಿಭಾಜ್ಯದ ಮನೆಗಳ ಎಣಿಕೆಯಾಗಿದೆ. ಈ ಸರಪಣಿಯ ಮುಂದಿನ ಕೊಂಡಿಯೂ ಅವಿಭಾಜ್ಯವೇ ಎಂಬುದು ಈವರೆಗೆ ಯಾರಿಗೂ ತಿಳಿದಿಲ್ಲ. ಅದರ ಅಂಕೆಗಳ ಎಣಿಕೆಯನ್ನು ಬರೆಯುವುದಕ್ಕೇ ಮೂವತ್ತೆಂಟು ಅಂಕೆಗಳು ಬೇಕು. ಸಂಖ್ಯೆಯನ್ನು ಬರೆಯುವ ಮಾತಂತೂ ದೂರ.

ಇನ್ನೊಂದು ಗುಣವು ಪರಿಪೂರ್ಣ ಸಂಖ್ಯೆಗಳಿಗೆ ಸಂಬಂಧಿಸಿದುದು. 6ನ್ನು ಭಾಗಿಸುವ 1, 2, 3ರ ಮೊತ್ತ 6ೇ ಆಗುವುದು. 28ನ್ನು ಭಾಗಿಸುವ 1, 2, 4, 7, 14ರ ಮೊತ್ತ 28. ಅವಿಭಾಜ್ಯವಾದ ಮೊತ್ತವನ್ನು ಕೊನೆಯ ಮನೆಯ ಕಾಳಿನಿಂದ ಗುಣಿಸಿದರೆ ಇಂತಹ ಸಂಖ್ಯೆ ದೊರೆಯುವುದೆಂದು ಯೂಕ್ಲಿಡನು ತೋರಿಸಿದನು: 3 × 2 = 6, 7 × 4 = 28, 31 × 16 = 496, 127 × 64 = 8128. ಸಮಸಂಖ್ಯೆಗಳಲ್ಲಿ ಬೇರೆ ಬಗೆಯ ಪರಿಪೂರ್ಣ ಸಂಖ್ಯೆಗಳಿಲ್ಲವೆಂದು ಆಯ್ಲರನು ಸಾಧಿಸಿದನು. ಆದುದರಿಂದ ಲೂಕಾನ ಕೆಲಸದಿಂದ ಹೊಸ ಪರಿಪೂರ್ಣ ಸಂಖ್ಯೆಯೂ ಲಭಿಸಿತು.

ಇಂಗ್ಲೆಂಡಿನ ಪೀಟರ್ ಬಾರ್ಲೊ ಎಂಬ ಗಣಿತಜ್ಞನು 1811ರಲ್ಲಿ, ಆಯ್ಲರನ 2³¹ − 1ರಿಂದ ಬಂದ ಪರಿಪೂರ್ಣ ಸಂಖ್ಯೆಯೇ ಕೊನೆಯದು, ಇವು ಕುತೂಹಲಕ್ಕಲ್ಲದೆ ಉಪಯೋಗಕ್ಕೆ ಬಾರದವಾದುದರಿಂದ ಇದಕ್ಕೂ ದೊಡ್ಡದನ್ನು ಯಾರೂ ಹುಡುಕಲಾರರು ಎಂಬ ಅರ್ಥದ ಮಾತನ್ನು ಬರೆದನು. ಎರಡು ವಿಧದಲ್ಲಿಯೂ ಆ ಮಾತು ಸುಳ್ಳಾಯಿತು. ಹುಡುಕುವವರು ನಿಲ್ಲಲಿಲ್ಲ. ಲೂಕಾನ ಸಂಖ್ಯೆಯು ತಿಳಿದ ಅವಿಭಾಜ್ಯಗಳಲ್ಲೆಲ್ಲ ದೊಡ್ಡದೆಂಬ ಸ್ಥಾನವನ್ನು 1951ರವರೆಗೆ ಎಪ್ಪತ್ತೈದು ವರ್ಷಕಾಲ ಉಳಿಸಿಕೊಂಡಿತು. ಆ ಬಳಿಕ ಯಂತ್ರಗಳು ಬಂದುವು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ಅವಿಭಾಜ್ಯದಲ್ಲಿ ಮನೆಗಳ ಎಣಿಕೆಯು 13,62,79,841, ಅಂಕೆಗಳು 4,10,24,320. ಅದನ್ನು ದೃಢಪಡಿಸಿದುದೂ 4, 14, 194 ಎಂಬ ಈ ಪರೀಕ್ಷೆಯಿಂದಲೇ. ಯಂತ್ರವಿಲ್ಲದೆ ಕೈಲೆಕ್ಕದಿಂದ ಸಾಧಿಸಿದ ಅವಿಭಾಜ್ಯಗಳಲ್ಲಿ ಲೂಕಾನದೇ ಇಂದಿಗೂ ದೊಡ್ಡದು.

ಉಪಯೋಗದ ಮಾತಿಗೆ ಬಂದರೆ, ಗುಣಿಸುವುದು ಸುಲಭ, ಒಡೆಯುವುದು ಕಷ್ಟ ಎಂದು ಕೋಲನ ಭಾನುವಾರಗಳು ಸಾರಿದ ಸಂಗತಿಯನ್ನೇ ಹಿಡಿದು, 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಗುಪ್ತಲಿಪಿಯ ಕ್ರಮವೊಂದನ್ನು ಕಟ್ಟಿದರು. ನೂರಾರು ಅಂಕೆಗಳ ಎರಡು ಅವಿಭಾಜ್ಯಗಳ ಗುಣಲಬ್ಧವನ್ನು ಎಲ್ಲರಿಗೂ ತೋರಿಸಬಹುದು. ಒಡೆಯಬಲ್ಲವರು ಮಾತ್ರ ಯಾರೂ ಇರುವುದಿಲ್ಲ. ದೂರದಿಂದ ಕಳುಹಿಸುವ ಪತ್ರಗಳಿಗೂ ಹಣದ ವ್ಯವಹಾರಕ್ಕೂ ಇಂತಹ ಬೀಗಗಳು ಕಾವಲಾಗಿ ನಿಂತವು. ಕುತೂಹಲಕ್ಕೆ ಮಾತ್ರವೆಂದು ತಳ್ಳಿಹಾಕಿದ ವಿದ್ಯೆಯು ನೂರೈವತ್ತು ವರ್ಷಗಳ ಮೇಲೆ ಮನೆಮನೆಯ ಕೆಲಸಕ್ಕೆ ಬಂದಿತು.

ಆದರೆ ತಂದೆತಾಯಂದಿರಿಗೆ ನಾವು ಕೊಡುವ ಉತ್ತರವು ಈ ಉಪಯೋಗವನ್ನು ನೆಚ್ಚಿಲ್ಲ. ನಮ್ಮ ಹುಡುಗಿಯರಲ್ಲಿ ಬಹುಮಂದಿ ದೊಡ್ಡ ಅವಿಭಾಜ್ಯಗಳನ್ನು ಹುಡುಕಲಾರರು. ಆದರೆ ಪ್ರತಿಯೊಬ್ಬಳ ಮುಂದೆಯೂ ಒಂದಲ್ಲ ಒಂದು ದಿನ ಯಾರೋ ಒಂದು ಕಾಗದವನ್ನು ಚಾಚಿ “ಎಲ್ಲ ಸರಿಯಾಗಿದೆ, ರುಜು ಹಾಕಮ್ಮ” ಎನ್ನುವರು. ಬಡ್ಡಿಯ ಲೆಕ್ಕವಿರಬಹುದು, ಪಾಲಿನ ಪತ್ರವಿರಬಹುದು. ಹೇಳಿದವರು ದೊಡ್ಡವರೆಂಬ ಕಾರಣದಿಂದ ಒಪ್ಪಿಬಿಡದೆ, ಗೌರವವನ್ನು ಬಿಡದೆ, “ಒಮ್ಮೆ ತಾಳೆ ನೋಡುತ್ತೇನೆ” ಎಂದು ಹೇಳಿ ಪೆನ್ಸಿಲನ್ನು ಕೈಗೆತ್ತಿಕೊಳ್ಳುವ ಅಭ್ಯಾಸವು ಗಣಿತದ ತರಗತಿಯಲ್ಲಿ ಬರುವಷ್ಟು ಸಹಜವಾಗಿ ಬೇರೆಲ್ಲಿಯೂ ಬಾರದು. ಅಲ್ಲಿ ಉಪಾಧ್ಯಾಯಿನಿಯ ಮಾತಿಗೂ ಉಪಪತ್ತಿ ಬೇಕು. ಹಿಂದಿನ ಬೆಂಚಿನ ಹುಡುಗಿಯ ಮಾತಿಗೂ ಉಪಪತ್ತಿಯಿದ್ದರೆ ಒಪ್ಪಲೇಬೇಕು. ಈ ನ್ಯಾಯವನ್ನು ಒಮ್ಮೆ ಕಂಡ ಹುಡುಗಿ ಅದನ್ನು ಮರೆಯುವುದಿಲ್ಲ. ಸೋಫಿ ಜರ್ಮೇನಳ ಮನೆಯವರಂತೆ ಮೊದಲು ಬತ್ತಿಯನ್ನು ತೆಗೆದಿಟ್ಟವರೂ ಕೊನೆಗೆ ಹಿಂದಿರುಗಿಸಲಿ ಎಂಬುದೇ ನಮ್ಮ ಬಿನ್ನಹ.

ಅಭ್ಯಾಸ

ಮನೆಯಲ್ಲಿ ಮಕ್ಕಳೊಡನೆ ಕುಳಿತು ಮಾಡುವುದಕ್ಕೆ ಮೂರು ಲೆಕ್ಕಗಳನ್ನು ಕೊಟ್ಟಿದ್ದೇವೆ.

1. 2¹³ − 1 = 8191 ಅವಿಭಾಜ್ಯವೆಂದು ಮೇಲಿನ ಪರೀಕ್ಷೆಯಿಂದ ತೋರಿಸಿರಿ. ಹನ್ನೊಂದು ಸಲ ಮಾಡಬೇಕು. ಹತ್ತನೆಯ ಸಲ 128 ಬಂದರೆ ನಿಮ್ಮ ಲೆಕ್ಕವು ಸರಿಯಾದ ದಾರಿಯಲ್ಲಿದೆ.

2. ನಮ್ಮ ಮೂವತ್ತೊಂಬತ್ತು ಅಂಕೆಗಳ ಮೊತ್ತವು 154; ಆದುದರಿಂದ 9ರಿಂದ ಭಾಗಿಸಿದರೆ ಶೇಷ 1. 2ರ ಘಾತಗಳನ್ನು 9ರಿಂದ ಭಾಗಿಸಿದಾಗ ಬರುವ ಶೇಷಗಳು 2, 4, 8, 7, 5, 1 ಎಂದು ಸುತ್ತುವುದನ್ನು ಕಂಡುಕೊಂಡು, ಎರಡೂ ತಾಳೆಯಾಗುವುವೆಂದು ತೋರಿಸಿರಿ.

3. ಸಂಖ್ಯೆಯ ಕೊನೆಯ ಅಂಕೆಯು 7 ಆಗಲೇಬೇಕೇಕೆ? 2ರ ಘಾತಗಳ ಕೊನೆಯ ಅಂಕೆಗಳನ್ನು ಬರೆದು ನೋಡಿರಿ.